ಅಪ್ಪನ ಹಳೆಯ ಪಾಮ್ ಡೈರಿ, ನನ್ನ ಲಿನಕ್ಸ್ ಲ್ಯಾಪ್‌ಟಾಪ್: ಜೋಡಿಸಲು ದಾರಿ ಇದೆಯಾ?

ನಾಲೆಬಯಲು, ಮಂಡ್ಯ
ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಗೌರಿ ಹಬ್ಬಕ್ಕೆ ಮುಂಚೆ ಮನೆಗೆ ಬಣ್ಣ ಹೊಡೆಸೋಣ ಅಂತ ಅಟ್ಟ ಖಾಲಿ ಮಾಡುತ್ತಿದ್ದೆ. ಒಂದು ಟ್ರಂಕಿನಲ್ಲಿ ಅಪ್ಪನ ಪಾಮ್ ಸಿಕ್ಕಿತು, ಅಂಗೈಯಲ್ಲಿ ಹಿಡಿಯುವ ಎಲೆಕ್ಟ್ರಾನಿಕ್ ಡೈರಿ. ತ್ರೀ ಎಕ್ಸ್‌ಇ ಮಾಡೆಲ್. ಕಂಪ್ಯೂಟರಿಗೆ ಜೋಡಿಸಲು ಅದನ್ನು ಕೂರಿಸುವ ಕ್ರೇಡಲ್ಲೂ ಇದೆ, ಬರೆಯುವ ಕಡ್ಡಿಯೂ ಇದೆ. 2000ದಲ್ಲಿ ನನ್ನ ಸೋದರಮಾವ ಅಮೆರಿಕದಿಂದ ಬಂದಾಗ ಭಾವನಿಗೆ ಅಂತ ತಂದುಕೊಟ್ಟಿದ್ದರು.

ಅಪ್ಪ ಹೈಸ್ಕೂಲ್ ಮೇಷ್ಟ್ರು. ಮದ್ದೂರು ಕಡೆ ಮೂರು ಎಕರೆ ಇತ್ತು, ಎರಡು ಎಕರೆ ಕಬ್ಬು, ಒಂದು ಎಕರೆ ಭತ್ತ. ಬೆಳಿಗ್ಗೆ ಪೇಪರ್ ಬಂದ ಕೂಡಲೇ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ, ಒಳಹರಿವು, ಹೊರಹರಿವು ನೋಡಿ ಪಾಮ್‌ನಲ್ಲಿ ಬರೆದುಕೊಳ್ಳುತ್ತಿದ್ದರು. ಕಾಫಿ ಆಮೇಲೆ. ನಾಲೆಗೆ ನೀರು ಬಿಟ್ಟ ದಿನ, ನಿಲ್ಲಿಸಿದ ದಿನ, ಕೂಳೆ ಕಬ್ಬಿಗೆ ಗೊಬ್ಬರ ಹಾಕಿದ್ದು, ಕಟಾವು ಮಾಡಿದ್ದು, ಯಾರಿಗೆ ಎಷ್ಟು ಕೂಲಿ ಕೊಟ್ಟಿದ್ದು, ಎಲ್ಲಾ ಅದರಲ್ಲೇ. 2002ರಲ್ಲಿ ಮಳೆ ಕೈಕೊಟ್ಟು ಕಾವೇರಿ ಹೋರಾಟ ಜೋರಾಯಿತಲ್ಲ, ಆ ವರ್ಷದ್ದೂ ಬರೆದಿದ್ದರು. ಅಪ್ಪನಿಗೆ ಈಗ 78. ಇತ್ತೀಚೆಗೆ ಮರೆವು ಜಾಸ್ತಿ. ಹಳೆಯ ದಿನಗಳ ಮಾತು ಬಂದಾಗ "ಪಾಮ್‌ನಲ್ಲಿ ಇದೆ ನೋಡು" ಅನ್ನುತ್ತಾರೆ. ಅದಕ್ಕೇ ಅದನ್ನು ಓದಲೇಬೇಕು ಅಂತ ಹೊರಟಿದ್ದೇನೆ.

ತೆಳ್ಳಗಿನ ಸೆಲ್ ಎರಡು ಹಾಕಿದೆ. ಆನ್ ಆಯಿತು! ಆದರೆ ಸ್ವಾಗತದ ಪರದೆ ಬಂತು, ಕಡ್ಡಿಯಲ್ಲಿ ಗುರುತಿನ ಮೇಲೆ ಮುಟ್ಟಿ ಅಂತು. ಮುಟ್ಟಿದೆ. ಒಳಗೆ ಏನೂ ಇಲ್ಲ. ಕ್ರೇಡಲ್‌ನ ವೈರಿನ ತುದಿಯಲ್ಲಿ ಒಂಬತ್ತು ತೂತಿನ ಹಳೆ ಸೀರಿಯಲ್ ಕನೆಕ್ಟರ್ ಇದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಲಿನಕ್ಸ್, ಬರೀ ಯುಎಸ್‌ಬಿ. ಆಗ ಇದು ವಿಂಡೋಸ್ 98ಕ್ಕೆ ಜೋಡಿಯಾಗಿತ್ತು. ಏನಾದರೂ ದಾರಿ ಇದೆಯಾ?

ಆಲೆಮನೆ, ಪಾಂಡವಪುರ
ಶನಿವಾರ, ರಾತ್ರಿ 10:05

ಅಣ್ಣಾ, ಓದಿ ಮನಸ್ಸು ತುಂಬಿ ಬಂತು. ನಮ್ಮ ದೊಡ್ಡಪ್ಪನ ಹತ್ತಿರ ಕ್ಯಾಸಿಯೊ ಡಿಜಿಟಲ್ ಡೈರಿ ಇತ್ತು. ಬೆಲ್ಲದ ವ್ಯಾಪಾರಿಗಳ ಫೋನ್ ನಂಬರ್ ಎಲ್ಲಾ ಅದರಲ್ಲಿ. ಮೇನ್ ಸೆಲ್ಲೂ ಬ್ಯಾಕಪ್ ಸೆಲ್ಲೂ ಒಟ್ಟಿಗೆ ತೆಗೆದುಬಿಟ್ಟರು, ಎಲ್ಲಾ ಅಳಿಸಿಹೋಯಿತು. ನಿಮ್ಮದು ಹಾಗಾಗದಿರಲಿ.

ಒಂಟಿಕೊಪ್ಪಲ್, ಮೈಸೂರು
ಶನಿವಾರ, ರಾತ್ರಿ 11:20

ನಾಲೆಬಯಲು ಅವರೇ, ಮೊದಲು ಕಹಿ ಸುದ್ದಿ ಹೇಳಿಬಿಡುತ್ತೇನೆ. ನಿಮ್ಮ ಪಾಮ್ ಒಳಗಿದ್ದದ್ದು ಹೋಗಿದೆ. ತ್ರೀ ಎಕ್ಸ್‌ಇಯಲ್ಲಿ 8 ಎಂಬಿ ಜಾಗ ಇದೆ, ಆದರೆ ಅದು ರ‍್ಯಾಮ್. ಕರೆಂಟು ಇರುವವರೆಗೆ ಮಾತ್ರ ನೆನಪು. ಸೆಲ್ ಬದಲಿಸುವಾಗ ಒಂದು ನಿಮಿಷದ ಮಟ್ಟಿಗೆ ಒಳಗಿನ ಕೆಪಾಸಿಟರ್ ಕಾಪಾಡುತ್ತದೆ, ಅಷ್ಟೇ. ಇಷ್ಟು ವರ್ಷ ಟ್ರಂಕಿನಲ್ಲಿ ಸೆಲ್ ಸತ್ತು ಕೂತಿದ್ದರೆ ಉಳಿಯುವುದಿಲ್ಲ. ಸ್ವಾಗತದ ಪರದೆ ಬಂತು ಅಂದರಲ್ಲ, ಅದೇ ಅದರ ಗುರುತು. ಸೆಲ್ ತೆಗೆದರೂ ಉಳಿಯುವ ಮೆಮೊರಿ ಪಾಮ್‌ಗೆ ಬಂದಿದ್ದು ತಡವಾಗಿ, 2004ರ ಟಂಗ್‌ಸ್ಟನ್ ಟಿ5 ಹೊತ್ತಿಗೆ.

ಆದರೆ ಕೈಚೆಲ್ಲಬೇಡಿ. ನಿಮ್ಮ ತಂದೆ ಕ್ರೇಡಲ್ ಮೇಲಿಟ್ಟು ಆ ಗುಂಡಿ ಒತ್ತುತ್ತಿದ್ದರಾ? ಹಾಟ್‌ಸಿಂಕ್ ಗುಂಡಿ? ಒತ್ತುತ್ತಿದ್ದರೆ ಪ್ರತಿ ಸಲವೂ ಒಂದು ನಕಲು ಕಂಪ್ಯೂಟರಿಗೆ ಹೋಗಿರುತ್ತದೆ. ಪಾಮ್ ಡೆಸ್ಕ್‌ಟಾಪ್ ಅನ್ನುವ ತಂತ್ರಾಂಶ ಅದನ್ನು ಸಿ ಡ್ರೈವ್‌ನಲ್ಲಿ ಪಾಮ್ ಅನ್ನುವ ಫೋಲ್ಡರಿನಲ್ಲಿ, ಬಳಸುವವರ ಹೆಸರಿನಲ್ಲಿ ಇಡುತ್ತಿತ್ತು. ಆ ಹಳೆ ಕಂಪ್ಯೂಟರ್ ಎಲ್ಲಿದೆ? ಮಾರಿಬಿಟ್ಟಿರಾ?

ಇನ್ನೊಂದು ಮಾತು. ಪಾಮ್ ಹಿಂದೆ ಒಂದು ಚಿಕ್ಕ ತೂತಿದೆ, ರಿಸೆಟ್‌ಗೆ. ಪವರ್ ಬಟನ್ ಒತ್ತಿ ಹಿಡಿದು ಅದನ್ನು ಚುಚ್ಚಿದರೆ ಎಲ್ಲಾ ಅಳಿಸಲು ಕೇಳುತ್ತದೆ. ಈಗ ಖಾಲಿ ಇರುವುದರಿಂದ ತೊಂದರೆ ಇಲ್ಲ, ಆದರೆ ಮುಂದೆ ನೆನಪಿರಲಿ.

ನಾಲೆಬಯಲು, ಮಂಡ್ಯ
ಭಾನುವಾರ, ಬೆಳಿಗ್ಗೆ 7:15

ಒಂಟಿಕೊಪ್ಪಲ್ ಮೇಡಂ, ರಾತ್ರಿ ನಿಮ್ಮ ಮೊದಲ ಸಾಲು ಓದಿ ಎದೆ ಧಸಕ್ಕೆಂದಿತು. ಎರಡನೇ ಪ್ಯಾರಾ ಓದಿ ನಿದ್ದೆ ಬಂತು. ಹೌದು, ಒತ್ತುತ್ತಿದ್ದರು! ಭಾನುವಾರ ಪೂಜೆ ಆದ ಮೇಲೆ ಅದೊಂದು ಕೆಲಸ. ಕಿಣಿಕಿಣಿ ಅಂತ ಮೂರು ಸ್ವರ ಬರುತ್ತಿತ್ತು, ನಮಗೆ ಮಕ್ಕಳಿಗೆ ಅದು ಕೇಳುವುದೇ ಖುಷಿ.

ಕಂಪ್ಯೂಟರ್ ನಮ್ಮ ಚಿಕ್ಕಪ್ಪನ ಮನೆಗೆ ಹೋಗಿತ್ತು. ಈಗಲೇ ಫೋನ್ ಮಾಡಿದೆ. ಕ್ಯಾಬಿನೆಟ್ ಕೊಟ್ಟಿಗೆಯ ಪಕ್ಕದ ರೂಮಿನಲ್ಲಿ ಇದೆಯಂತೆ, ಮಾನಿಟರ್ ಇಲ್ಲವಂತೆ. ಮಧ್ಯಾಹ್ನ ಹೋಗಿ ತರುತ್ತೇನೆ.

ಒಂಟಿಕೊಪ್ಪಲ್, ಮೈಸೂರು
ಭಾನುವಾರ, ಬೆಳಿಗ್ಗೆ 8:02

ದಯವಿಟ್ಟು ಅದಕ್ಕೆ ಕರೆಂಟು ಕೊಡಬೇಡಿ. ಕೊಟ್ಟಿಗೆಯ ಪಕ್ಕ ಅಂದರೆ ತೇವ, ಧೂಳು ಎರಡೂ ಇರುತ್ತದೆ. ಪವರ್ ಸಪ್ಲೈ ಹಾಳಾಗಿದ್ದರೆ ಡಿಸ್ಕನ್ನೂ ಜೊತೆಗೆ ತೆಗೆದುಕೊಂಡು ಹೋಗುತ್ತದೆ. ಹಾರ್ಡ್ ಡಿಸ್ಕ್ ಮಾತ್ರ ಬಿಚ್ಚಿಕೊಳ್ಳಿ. ಆ ಕಾಲದ್ದು ಐಡಿಇ ಡಿಸ್ಕ್, ಅಗಲವಾದ ಪಟ್ಟಿ ವೈರಿನದ್ದು. ಐಡಿಇಯಿಂದ ಯುಎಸ್‌ಬಿಗೆ ಅಡಾಪ್ಟರ್ ಸಿಗುತ್ತದೆ. ಒಂದು ವಿಷಯ ನೋಡಿ ತೆಗೆದುಕೊಳ್ಳಿ: ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಯುಎಸ್‌ಬಿಯಿಂದ ಅದು ಬರುವುದಿಲ್ಲ. ಪ್ರತ್ಯೇಕ ಪವರ್ ಅಡಾಪ್ಟರ್ ಜೊತೆಗೆ ಇರುವುದೇ ಬೇಕು. ಡಿಸ್ಕ್ ಹಿಂದಿನ ಜಂಪರ್, ಅಂದರೆ ಪಿನ್ನುಗಳ ಮೇಲಿನ ಪುಟ್ಟ ಟೋಪಿ, ಮಾಸ್ಟರ್ ಜಾಗದಲ್ಲಿರಲಿ.

ವಿಂಡೋಸ್ 98 ಅಂದರೆ ಫ್ಯಾಟ್ 32 ಫಾರ್ಮ್ಯಾಟ್. ಉಬುಂಟು ಸಲೀಸಾಗಿ ಓದುತ್ತದೆ. ಸುಮ್ನೆ ಓದಲು ಮಾತ್ರ ಮೌಂಟ್ ಮಾಡಿ, ಬರೆಯುವ ಅನುಮತಿ ಬೇಡ. ಮೊದಲ ಕೆಲಸವೇ ಇಡೀ ಪಾಮ್ ಫೋಲ್ಡರ್ ಕಾಪಿ.

ಹಳೇಗಣಕ, ಮೈಸೂರು
ಭಾನುವಾರ, ಬೆಳಿಗ್ಗೆ 11:30

ಈ ಚರ್ಚೆ ಕಂಡು ತುಂಬಾ ಸಂತೋಷವಾಯಿತು. ನನ್ನ ಹತ್ತಿರ ಸಯಾನ್ ಸೀರೀಸ್ 5ಎಂಎಕ್ಸ್ ಇದೆ, ಪಾಮ್ ಥರದ್ದೇ ಆದರೆ ಕೀಬೋರ್ಡ್ ಇರುವ ಕೈಗಣಕ, 1999ರದ್ದು. ಇವತ್ತಿಗೂ ದಿನಾ ಬಳಸುತ್ತೇನೆ. ಅದರ ಕೀಬೋರ್ಡಿನ ಸುಖ ಇನ್ಯಾವುದರಲ್ಲೂ ಸಿಕ್ಕಿಲ್ಲ. ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತು ಆ ದಿನ ಕಂಡ ಹಕ್ಕಿಗಳ ಹೆಸರು ಬರೆಯುತ್ತೇನೆ.

ಅದಕ್ಕೆ ಜೋಡಿಯಾಗಿ ಬಂದಿದ್ದು ಸಯ್‌ವಿನ್ ಅನ್ನುವ ವಿಂಡೋಸ್ ತಂತ್ರಾಂಶ. ಲಿನಕ್ಸಿನಲ್ಲಿ ಪಿಎಲ್‌ಪಿ ಟೂಲ್ಸ್ ಅಂತ ಇದೆ. ಸೀರಿಯಲ್ ವೈರಿನಲ್ಲಿ ಫೈಲ್ ಎಳೆದುಕೊಳ್ಳಬಹುದು. ನಾನು ಮಾತ್ರ ಇನ್ನೂ ಸುಲಭದ ದಾರಿ ಹಿಡಿದಿದ್ದೇನೆ. ಸಯಾನ್‌ನಲ್ಲಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕುವ ಜಾಗ ಇದೆ. ವರ್ಡ್‌ನಿಂದ ಫೈಲನ್ನು ಸಾದಾ ಪಠ್ಯವಾಗಿ ಕಾರ್ಡಿಗೆ ರಫ್ತು ಮಾಡುತ್ತೇನೆ, ಕಾರ್ಡ್ ತೆಗೆದು ರೀಡರ್‌ಗೆ ಹಾಕಿದರೆ ಯಾವ ಕಂಪ್ಯೂಟರ್ ಆದರೂ ಓದುತ್ತದೆ. ವೈರಿನ ತಲೆನೋವೇ ಇಲ್ಲ. ತ್ರೀ ಎಕ್ಸ್‌ಇಯಲ್ಲಿ ಕಾರ್ಡಿನ ಜಾಗ ಇಲ್ಲದಿರುವುದೇ ನಿಮಗೆ ಕಷ್ಟ.

ದೇವರಾಜಮೊಹಲ್ಲಾ, ಮೈಸೂರು
ಭಾನುವಾರ, ಮಧ್ಯಾಹ್ನ 1:10

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಹತ್ತಿರ ಪಾಮ್ ಟಂಗ್‌ಸ್ಟನ್ ಇ ಇದೆ, ಮ್ಯಾಕ್ ಇದೆ. ಅಕ್ಕನ ಮದುವೆಯ ಲೆಕ್ಕ ಅದರಲ್ಲಿದೆ. ಮ್ಯಾಕ್‌ಗೂ ಪಾಮ್ ಡೆಸ್ಕ್‌ಟಾಪ್ ಇತ್ತಲ್ವಾ? ಈಗಿನ ಮ್ಯಾಕ್ ಒಪ್ಪುತ್ತಿಲ್ಲ.

ಒಂಟಿಕೊಪ್ಪಲ್, ಮೈಸೂರು
ಭಾನುವಾರ, ಮಧ್ಯಾಹ್ನ 2:45

ಇತ್ತು. ಆದರೆ ಅದು ಪವರ್‌ಪಿಸಿ ಚಿಪ್ಪಿನ ಕಾಲಕ್ಕೆ ಬರೆದದ್ದು. ಇಂಟೆಲ್ ಮ್ಯಾಕ್‌ಗಳಲ್ಲಿ ರೊಸೆಟಾ ಅನ್ನುವ ಅನುವಾದಕದ ಸಹಾಯದಿಂದ ನಡೆಯುತ್ತಿತ್ತು. 2011ರಲ್ಲಿ ಲಯನ್ ಆವೃತ್ತಿ ಬಂದಾಗ ಅದನ್ನು ತೆಗೆದರು, ಇದೂ ನಿಂತಿತು. ಅದಕ್ಕೆ ಹಿಂದಿನ 10.6 ಆವೃತ್ತಿ ಇರುವ ಹಳೆ ಮ್ಯಾಕ್ ಯಾರ ಹತ್ತಿರವಾದರೂ ಇದ್ದರೆ ಕೇಳಿ. ಇಲ್ಲದಿದ್ದರೆ ಲಿನಕ್ಸೇ ಗತಿ.

ಟಂಗ್‌ಸ್ಟನ್ ಇ ಯುಎಸ್‌ಬಿಯದು, ಹಾಗಾಗಿ ನಿಮ್ಮ ದಾರಿ ನಾಲೆಬಯಲು ಅವರಿಗಿಂತ ಬೇರೆ. ಲಿನಕ್ಸ್ ಕರ್ನಲ್ಲಿನಲ್ಲೇ ವೈಸರ್ ಅನ್ನುವ ಡ್ರೈವರ್ ಇದೆ. ಪಾಮ್ ಥರದ್ದೇ ಸಾಧನವಾದ ಹ್ಯಾಂಡ್‌ಸ್ಪ್ರಿಂಗ್ ವೈಸರ್‌ಗಾಗಿ ಬಂದ ಹೆಸರು, ಪಾಮ್‌ಗಳಿಗೂ ಅದೇ. ಒಂದು ಗುಟ್ಟು ತಿಳಿದಿರಿ. ಯುಎಸ್‌ಬಿ ಪಾಮನ್ನು ಸುಮ್ನೆ ಚುಚ್ಚಿದರೆ ಕಂಪ್ಯೂಟರಿಗೆ ಅದು ಕಾಣುವುದೇ ಇಲ್ಲ. ಪಾಮ್‌ನಲ್ಲಿ ಹಾಟ್‌ಸಿಂಕ್ ಒತ್ತಿದ ಮೇಲೆಯೇ ಕಾಣುತ್ತದೆ. ಅದಕ್ಕೇ ಮೊದಲು ಹಾಟ್‌ಸಿಂಕ್, ಆಮೇಲೆ ಕಂಪ್ಯೂಟರಿನಲ್ಲಿ ಆಜ್ಞೆ. ಸೀರಿಯಲ್‌ನಲ್ಲಿ ಇದು ಉಲ್ಟಾ: ಮೊದಲು ಕಂಪ್ಯೂಟರ್ ಕಾಯುತ್ತಾ ಕೂರಬೇಕು, ಆಮೇಲೆ ಕ್ರೇಡಲ್ ಗುಂಡಿ.

ನಿಮ್ಮ ಟಂಗ್‌ಸ್ಟನ್ ಇ ನೆನಪೂ ರ‍್ಯಾಮೇ. ಅದರಲ್ಲಿ ಇನ್ನೂ ಮದುವೆ ಲೆಕ್ಕ ಕಾಣುತ್ತಿದೆ ಅಂದರೆ ಈ ಕ್ಷಣವೇ ಚಾರ್ಜಿಗೆ ಹಾಕಿ, ತೆಗೆಯಲೇಬೇಡಿ.

ದೇವರಾಜಮೊಹಲ್ಲಾ, ಮೈಸೂರು
ಭಾನುವಾರ, ಮಧ್ಯಾಹ್ನ 2:51

ಹಾಕಿದೆ ಅಕ್ಕ.

ಕಾವೇರಿತೀರ, ಶ್ರೀರಂಗಪಟ್ಟಣ
ಭಾನುವಾರ, ಸಂಜೆ 6:30

ಆಫೀಸಿನಲ್ಲಿ ವಿಂಡೋಸ್ ಮಾತ್ರ ಇರುವವರಿಗೆ ಒಂದು ಮಾತು. 64 ಬಿಟ್ ವಿಂಡೋಸ್‌ಗೆ ಪಾಮ್ ಕಂಪನಿ ಯುಎಸ್‌ಬಿ ಡ್ರೈವರ್ ಕೊಡಲೇ ಇಲ್ಲ. ಬ್ಲೂಟೂತ್ ಇರುವ ಮಾಡೆಲ್‌ಗಳು ಗಾಳಿಯಲ್ಲೇ ಸಿಂಕ್ ಆಗುತ್ತವೆ. ನಾನು ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್ ಒಳಗೆ ವಿಂಡೋಸ್ ಎಕ್ಸ್‌ಪಿ ಇಟ್ಟುಕೊಂಡು ಬಹಳ ದಿನ ಕೆಲಸ ಮಾಡಿದ್ದೇನೆ.

ನಾಲೆಬಯಲು, ಮಂಡ್ಯ
ಗುರುವಾರ, ರಾತ್ರಿ 10:20

ಸಿಕ್ಕಿತು!! ಅಡಾಪ್ಟರ್‌ಗಾಗಿ ಮಂಡ್ಯ, ಮೈಸೂರು ಎರಡೂ ಕಡೆ ಸುತ್ತಿದೆ. ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸ್ನೇಹಿತ ಹುಡುಕಿ ರೈಲಿನಲ್ಲಿ ಕಳಿಸಿಕೊಟ್ಟ. ಡಿಸ್ಕ್ ಗುಂಯ್ ಅಂತ ತಿರುಗಿದಾಗ ಅಮ್ಮ, ನಾನು ಉಸಿರು ಬಿಗಿಹಿಡಿದು ಕೂತಿದ್ದೆವು. ಪಾಮ್ ಫೋಲ್ಡರ್ ಇದೆ, ಅದರೊಳಗೆ ಅಪ್ಪನ ಹೆಸರಿನ ಫೋಲ್ಡರ್. ಮೂರು ಕಡೆ ಕಾಪಿ ಮಾಡಿಕೊಂಡೆ.

ಆದರೆ ಬ್ಯಾಕಪ್ ಅನ್ನುವ ಫೋಲ್ಡರಿನಲ್ಲಿ ಹುಡುಕಿದರೆ ಮೆಮೊ ಇಲ್ಲ. ಯಾವುದೋ ಆಟ, ಒಂದು ಕ್ಯಾಲ್ಕುಲೇಟರ್ ಅಷ್ಟೇ ಇವೆ. ಗಾಬರಿ ಆಗುತ್ತಿದೆ.

ಒಂಟಿಕೊಪ್ಪಲ್, ಮೈಸೂರು
ಗುರುವಾರ, ರಾತ್ರಿ 10:41

ಗಾಬರಿ ಬೇಡ. ಪಾಮ್‌ನ ಸ್ವಂತ ನಾಲ್ಕು ವಿಭಾಗ, ಅಂದರೆ ವಿಳಾಸ, ದಿನಚರಿ, ಮೆಮೊ, ಕೆಲಸದ ಪಟ್ಟಿ, ಇವು ಬ್ಯಾಕಪ್ ಫೋಲ್ಡರಿಗೆ ಹೋಗುವುದಿಲ್ಲ. ಪಕ್ಕದಲ್ಲೇ ಬೇರೆ ಬೇರೆ ಫೋಲ್ಡರ್ ಇರುತ್ತವೆ. ಮೆಮೊಪ್ಯಾಡ್ ಫೋಲ್ಡರ್ ತೆರೆಯಿರಿ. ಅಲ್ಲಿ ಡಾಟ್ ಡ್ಯಾಟ್ ಅಂತ ಮುಗಿಯುವ ಒಂದು ಫೈಲ್ ಇದೆಯಾ? ಎಷ್ಟು ದೊಡ್ಡದು?

ನಾಲೆಬಯಲು, ಮಂಡ್ಯ
ಗುರುವಾರ, ರಾತ್ರಿ 10:44

ಇದೆ ಮೇಡಂ. 300 ಕೆಬಿಗಿಂತ ಜಾಸ್ತಿ.

ಒಂಟಿಕೊಪ್ಪಲ್, ಮೈಸೂರು
ಗುರುವಾರ, ರಾತ್ರಿ 11:30

ಹಾಗಾದರೆ ನಿಮ್ಮ ತಂದೆಯವರ ಬರಹ ಅಲ್ಲೇ ಇದೆ. ಪಾಮ್‌ನಲ್ಲಿ ಒಂದು ಮೆಮೊಗೆ 4 ಕೆಬಿ ಮಿತಿ. 300 ಕೆಬಿ ಅಂದರೆ ಒಂದೆರಡು ಸಾಲಿನ ಚೀಟಿಗಳಲ್ಲ, ಶ್ರದ್ಧೆಯಿಂದ ವರ್ಷಗಟ್ಟಲೆ ಬರೆದದ್ದು.

ಈಗ ಲಿನಕ್ಸ್ ಭಾಗ. ಎರಡು ತಂತ್ರಾಂಶ ಬೇಕು. ಪೈಲಟ್-ಲಿಂಕ್ ಅನ್ನುವುದು ಪಾಮ್ ಜೊತೆ ಮಾತಾಡುತ್ತದೆ. ಅದರ ಮೇಲೆ ಜೆ-ಪೈಲಟ್ ಕೂರುತ್ತದೆ, ನೋಡಲು ಹಳೆಯ ಪಾಮ್ ಡೆಸ್ಕ್‌ಟಾಪ್ ಇದ್ದ ಹಾಗೇ. ನಿಮ್ಮ ಉಬುಂಟುವಿನ ಭಂಡಾರದಲ್ಲಿ ಸಿಗದಿದ್ದರೆ ಅವುಗಳ ಮೂಲ ಕೋಡ್ ತಂದು ನೀವೇ ಕಂಪೈಲ್ ಮಾಡಿ. ಮೊದಲು ಪೈಲಟ್-ಲಿಂಕ್, ಆಮೇಲೆ ಜೆ-ಪೈಲಟ್. ಈ ಕ್ರಮ ತಪ್ಪಬೇಡಿ.

ಜೆ-ಪೈಲಟ್‌ನಲ್ಲಿ ಮೆಮೊ ವಿಭಾಗಕ್ಕೆ ಹೋಗಿ, ಫೈಲ್ ಮೆನುವಿನಲ್ಲಿ ಇಂಪೋರ್ಟ್. ಅದು ಪಾಮ್ ಡೆಸ್ಕ್‌ಟಾಪ್‌ನ ಡ್ಯಾಟ್ ಫೈಲನ್ನು ನೇರವಾಗಿ ಓದುತ್ತದೆ. ಇದಕ್ಕೆ ಪಾಮ್ ಸಾಧನವೇ ಬೇಡ, ವೈರೂ ಬೇಡ. ಇವತ್ತೇ ಓದಬಹುದು. ದಿನಚರಿ, ವಿಳಾಸಕ್ಕೂ ಅವುಗಳ ವಿಭಾಗಕ್ಕೆ ಹೋಗಿ ಇದೇ ರೀತಿ ಮಾಡಿ.

ಆಮೇಲೆ ಪಾಮ್‌ಗೆ ಹಾಕಬೇಕು ಅಂದರೆ ಯುಎಸ್‌ಬಿಯಿಂದ ಸೀರಿಯಲ್‌ಗೆ ಒಂದು ಅಡಾಪ್ಟರ್ ವೈರ್ ತೆಗೆದುಕೊಳ್ಳಿ. ಎಫ್‌ಟಿಡಿಐ ಚಿಪ್ ಇರುವುದು ನನಗೆ ಯಾವತ್ತೂ ಕೈಕೊಟ್ಟಿಲ್ಲ. ಕ್ರೇಡಲ್ ನೇರವಾಗಿ ಅದಕ್ಕೆ ಕೂರುತ್ತದೆ.

ನಾಲೆಬಯಲು, ಮಂಡ್ಯ
ಶುಕ್ರವಾರ, ಬೆಳಗಿನ ಜಾವ 1:50

ಓದುತ್ತಾ ಕೂತಿದ್ದೇನೆ. ನಿದ್ದೆ ಬರುತ್ತಿಲ್ಲ.

ಅಪ್ಪ ತಿಂಗಳಿಗೊಂದು ಮೆಮೊ ಮಾಡಿದ್ದಾರೆ. ಪಾಮ್‌ನಲ್ಲಿ ಕನ್ನಡ ಅಕ್ಷರ ಇರಲಿಲ್ಲ. ಅದಕ್ಕೇ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. "ನಾಲೆ ಬಂತು ರಾತ್ರಿ 2ಕ್ಕೆ. ಮೇಲಿನ ಗದ್ದೆಯವರು ತೂಬು ಕಟ್ಟಿದ್ದರು, ಮಾತಾಡಿ ಬಿಡಿಸಿದೆ." "ಕಟ್ಟು ಪದ್ಧತಿ ಶುರು. ಭತ್ತ ಈ ಸಲ ಬೇಡ, ರಾಗಿ ಹಾಕೋಣ." ಹೀಗೆ. ಕಟ್ಟು ಪದ್ಧತಿ ಅಂದರೆ ನಾಲೆ ನೀರನ್ನು ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವುದು. ಆ ವರ್ಷ ನಾವು ಭತ್ತ ಯಾಕೆ ಹಾಕಲಿಲ್ಲ ಅಂತ ನನಗೆ ಗೊತ್ತೇ ಇರಲಿಲ್ಲ, ನಾನಾಗ ಏಳನೇ ಕ್ಲಾಸು. ಒಂದು ತಿಂಗಳಿನಲ್ಲಿ ಕಟ್ಟೆಯ ಮಟ್ಟದ ಕೆಳಗೆ ಬರೀ ಒಂದು ಸಾಲು ಇದೆ, "ಮಗನ ಫೀಸು ಕಟ್ಟಿದೆ". ಇಷ್ಟೇ.

ಆಲೆಮನೆ, ಪಾಂಡವಪುರ
ಶುಕ್ರವಾರ, ಬೆಳಿಗ್ಗೆ 6:20

ಅಣ್ಣಾ, ನಮ್ಮೂರಿಗೂ ಆ ವರ್ಷ ನೀರು ಸರಿಯಾಗಿ ಬಂದಿರಲಿಲ್ಲ. ಆಲೆಮನೆ ಒಲೆ ಹಚ್ಚಿದ್ದೇ ಕಮ್ಮಿ. ಯಾವ ದಿನ ನಾಲೆ ಬಂತು ಅಂತ ಒಬ್ಬ ರೈತರು ತಮ್ಮ ಗದ್ದೆ ಬದುವಿನಲ್ಲಿ ನಿಂತು ಬರೆದದ್ದು ಎಲ್ಲೂ ಸಿಗುವುದಿಲ್ಲ. ಪೇಪರಿನಲ್ಲಿ ಕಟ್ಟೆಯಿಂದ ಬಿಟ್ಟ ದಿನ ಇರುತ್ತದೆ, ಕೊನೆ ಗದ್ದೆಗೆ ತಲುಪಿದ ದಿನ ಇರುವುದಿಲ್ಲ. ಜೋಪಾನ ಮಾಡಿ.

ನಾಲೆಬಯಲು, ಮಂಡ್ಯ
ಭಾನುವಾರ, ಮಧ್ಯಾಹ್ನ 12:30

ವೈರ್ ಬಂತು, ಆದರೆ ಪಾಮ್ ಸಿಂಕ್ ಆಗುತ್ತಿಲ್ಲ. ಜೆ-ಪೈಲಟ್‌ನಲ್ಲಿ ಸಿಂಕ್ ಒತ್ತಿದ ಕೂಡಲೇ ಪೋರ್ಟ್ ತೆರೆಯಲು ಅನುಮತಿ ಇಲ್ಲ ಅನ್ನುತ್ತದೆ. ರೂಟ್ ಆಗಿ, ಅಂದರೆ ಪೂರ್ಣ ಅಧಿಕಾರದಲ್ಲಿ, ಓಡಿಸಿದರೆ ಶುರುವಾಗುತ್ತದೆ, ಅರ್ಧಕ್ಕೆ ನಿಲ್ಲುತ್ತದೆ.

ಹಳೇಗಣಕ, ಮೈಸೂರು
ಭಾನುವಾರ, ಮಧ್ಯಾಹ್ನ 12:48

ರೂಟ್ ಆಗಿ ಬೇಡ. ನಿಮ್ಮ ಬಳಕೆದಾರ ಹೆಸರನ್ನು ಸೀರಿಯಲ್ ಪೋರ್ಟ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಸಯಾನ್‌ಗೂ ನಾನು ಮಾಡಿದ್ದು ಇದೇ.

ಒಂಟಿಕೊಪ್ಪಲ್, ಮೈಸೂರು
ಭಾನುವಾರ, ಮಧ್ಯಾಹ್ನ 1:15

ಅರ್ಧಕ್ಕೆ ನಿಲ್ಲುವುದಕ್ಕೆ ಎರಡು ಕಾರಣ ಇರಬಹುದು. ಒಂದು, ವೇಗ. ಸೆಟ್ಟಿಂಗಿನಲ್ಲಿ 115200 ಇದ್ದರೆ 57600ಕ್ಕೆ ಇಳಿಸಿ, ಆಗಲೂ ನಿಂತರೆ 19200. ನಿಧಾನ ಆದರೂ ಸರಿ, 300 ಕೆಬಿಗೆ ಎಷ್ಟು ಹೊತ್ತು ಬೇಕು? ಎರಡು, ಹೆಸರು. ನಿಮ್ಮ ಪಾಮ್ ಈಗ ಹೊಸದಾಗಿ ಹುಟ್ಟಿದ ಹಾಗಿದೆ, ಅದಕ್ಕೆ ಯಜಮಾನರ ಹೆಸರಿಲ್ಲ. ಜೆ-ಪೈಲಟ್‌ನ ಫೈಲ್ ಮೆನುವಿನಲ್ಲಿ ಇನ್‌ಸ್ಟಾಲ್ ಯೂಸರ್ ಅಂತ ಇದೆ. ಮೊದಲು ಹೆಸರು ಹಾಕಿ, ಆಮೇಲೆ ಸಿಂಕ್.

ಕ್ರೇಡಲ್‌ನ ಪಿನ್ನುಗಳನ್ನೂ ಒರೆಸಿ. ಹತ್ತಿಗೆ ಸ್ವಲ್ಪ ಐಸೋಪ್ರೊಪೈಲ್ ಆಲ್ಕೊಹಾಲ್ ಸಾಕು. ಸೆಲ್ಲಿನ ಜಾಗದಲ್ಲಿ ಬಿಳಿ ಪುಡಿ ಕಂಡರೆ ಮೊದಲು ಒಂದು ತೊಟ್ಟು ವಿನೆಗರ್, ಆಮೇಲೆ ಆಲ್ಕೊಹಾಲ್.

ನಾಲೆಬಯಲು, ಮಂಡ್ಯ
ಭಾನುವಾರ, ಸಂಜೆ 5:55

ಆಯಿತು. 57600ರಲ್ಲಿ ಆಯಿತು. ಹೆಸರು ಹಾಕುವ ಜಾಗದಲ್ಲಿ ಅಪ್ಪನ ಹೆಸರನ್ನೇ ಬರೆದೆ. ಗುಂಡಿ ಒತ್ತಿದೆ, ಆ ಮೂರು ಸ್ವರ ಬಂತು. ಒಳಗೆ ಮಲಗಿದ್ದ ಅಪ್ಪ ಎದ್ದು ಬಂದು ಬಾಗಿಲಲ್ಲಿ ನಿಂತರು. "ಸಿಂಕ್ ಆಯ್ತಾ?" ಅಂದರು. ನಾನು ಏನೂ ಹೇಳಿರಲಿಲ್ಲ ಅವರಿಗೆ.

ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಮೆಮೊ ತೆರೆದು ಒಂದೊಂದೇ ತಿಂಗಳು ಓದಿದರು. ಮೋಟರ್ ಸುಟ್ಟಿದ್ದು 2001ರಲ್ಲೋ 2003ರಲ್ಲೋ ಅಂತ ಚಿಕ್ಕಪ್ಪನ ಜೊತೆ ಇದ್ದ ವಾದವೂ ಬಗೆಹರಿಯಿತು, 2003. ಆಮೇಲೆ ಕಡ್ಡಿ ಕೇಳಿದರು. ಮೊನ್ನೆಯ ಊಟ ಮರೆಯುವ ಅಪ್ಪ ಗ್ರಾಫಿಟಿ, ಅಂದರೆ ಪಾಮ್‌ಗೆ ಕಡ್ಡಿಯಲ್ಲಿ ಬರೆಯುವ ವಿಶೇಷ ಲಿಪಿಯ, ಅಕ್ಷರ ಒಂದನ್ನೂ ಮರೆತಿಲ್ಲ! ಎ ಅಕ್ಷರಕ್ಕೆ ಅಡ್ಡಗೆರೆ ಇಲ್ಲದೆ, ಒಂದೇ ಎಳೆತದಲ್ಲಿ. ಶಾಲೆಯ ಬೋರ್ಡ್ ಮೇಲೂ ಆಗ ಹಾಗೇ ಬರೆಯುತ್ತಿದ್ದರಂತೆ, ಮಕ್ಕಳು ಕೇಳುತ್ತಿದ್ದರಂತೆ. ಇವತ್ತಿನ ಪೇಪರ್ ತರಿಸಿಕೊಂಡು ಕಟ್ಟೆಯ ಮಟ್ಟ ಬರೆದರು.

ದೇವರಾಜಮೊಹಲ್ಲಾ, ಮೈಸೂರು
ಭಾನುವಾರ, ಸಂಜೆ 6:10

ಕಣ್ಣು ತೇವವಾಯಿತು ಸಾರ್. ನನ್ನದೂ ಆಯಿತು. ಅಣ್ಣನ ಲಿನಕ್ಸ್ ಲ್ಯಾಪ್‌ಟಾಪ್ ಎರವಲು ತಂದೆ. ಒಂಟಿಕೊಪ್ಪಲ್ ಅಕ್ಕ ಹೇಳಿದಂತೆ ಹಾಟ್‌ಸಿಂಕ್ ಮೊದಲು ಒತ್ತಿದೆ, ಎರಡನೇ ಸಲಕ್ಕೆ ಬಂತು.

ಕಾವೇರಿತೀರ, ಶ್ರೀರಂಗಪಟ್ಟಣ
ಭಾನುವಾರ, ರಾತ್ರಿ 8:00

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಹಳೆಯ ಪಾಮ್‌ನ ದಿನಚರಿ 2031ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ವರ್ಷವನ್ನು 1904ರಿಂದ ಎಣಿಸುತ್ತದೆ, ಅದಕ್ಕೆ ಇಟ್ಟ ಜಾಗ 127 ವರ್ಷಕ್ಕೆ ಭರ್ತಿ. ಮೆಮೊಗೆ ಆ ತೊಂದರೆ ಇಲ್ಲ, ತಾರೀಖು ನೀವೇ ಬರೆಯುತ್ತೀರಲ್ಲ.

ಆಲೆಮನೆ, ಪಾಂಡವಪುರ
ಭಾನುವಾರ, ರಾತ್ರಿ 8:25

ಅಣ್ಣಾ, ಒಂದು ಕೋರಿಕೆ. ನಾಲೆ ಬಂದ ದಿನಗಳನ್ನು ಮಾತ್ರ ಕನ್ನಡದಲ್ಲಿ ಬರೆದು ಇಲ್ಲಿ ಹಾಕುತ್ತೀರಾ? ಅಪ್ಪನವರು ಒಪ್ಪಿದರೆ ಮಾತ್ರ.

ನಾಲೆಬಯಲು, ಮಂಡ್ಯ
ಭಾನುವಾರ, ರಾತ್ರಿ 9:30

ಕೇಳಿದೆ ತಮ್ಮ. ಕೂಲಿ ಲೆಕ್ಕ, ಸಾಲದ ಲೆಕ್ಕ ತೆಗೆದು ಕೊಡು ಅಂದರು, ಅವು ಬೇರೆಯವರ ಹೆಸರಿನವು. ಜೆ-ಪೈಲಟ್‌ನಿಂದ ಸಾದಾ ಪಠ್ಯವಾಗಿ ತೆಗೆದಿದ್ದೇನೆ, ತಿಂಗಳಿಗೊಂದರಂತೆ ಕನ್ನಡಕ್ಕೆ ತರುತ್ತೇನೆ. ಅರ್ಥವಾಗದ ಕಡೆ ಅಪ್ಪ ಓದಿ ಹೇಳುತ್ತಾರೆ.

ಮೇಡಂ, ಕೊನೆಯದಾಗಿ ಒಂದು ಅನುಮಾನ. ಚಾರ್ಜ್ ಮಾಡುವ ಸೆಲ್ ಹಾಕಬಹುದಾ?

ಒಂಟಿಕೊಪ್ಪಲ್, ಮೈಸೂರು
ಭಾನುವಾರ, ರಾತ್ರಿ 9:52

ಹಾಕಬಹುದು. ಅವು 1.2 ವೋಲ್ಟ್, ಸಾದಾ ಸೆಲ್ 1.5. ಹಾಗಾಗಿ ಬ್ಯಾಟರಿ ಗುರುತು ಯಾವಾಗಲೂ ಕಮ್ಮಿ ತೋರಿಸುತ್ತದೆ, ಅದನ್ನು ನಂಬಿ ಕೂರಬೇಡಿ. ನಿಮ್ಮ ತಂದೆಯವರ ಪಾಮ್‌ಗೆ ನಾನಾದರೆ ಒಳ್ಳೆಯ ಆಲ್ಕಲೈನ್ ಹಾಕುತ್ತೇನೆ. ಬದಲಿಸುವ ಮುಂಚೆ ಒಂದು ಸಿಂಕ್, ಹೊಸ ಸೆಲ್ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು ಆಮೇಲೆ ಹಳೆಯದು ತೆಗೆಯಿರಿ. ತಿಂಗಳಿಗೊಮ್ಮೆ ಜೆ-ಪೈಲಟ್‌ನ ಬ್ಯಾಕಪ್ ಗುಂಡಿಯನ್ನೂ ಒತ್ತಿ, ಸಿಂಕ್ ಬೇರೆ, ಬ್ಯಾಕಪ್ ಬೇರೆ.

ನಾಲೆಬಯಲು, ಮಂಡ್ಯ
ಭಾನುವಾರ, ರಾತ್ರಿ 9:58

ಆಗಲಿ ಮೇಡಂ. ಭಾನುವಾರ ಪೂಜೆ ಆದ ಮೇಲೆ ಗುಂಡಿ ತಾವೇ ಒತ್ತುತ್ತಾರಂತೆ. ಕ್ರೇಡಲ್ಲನ್ನು ಅವರ ಮಂಚದ ಪಕ್ಕದ ಮೇಜಿಗೆ ಇಟ್ಟಿದ್ದೇನೆ.